ಇಪ್ಪತ್ತು ಸಾವಿರ ಡಾಲರ್

ಅಮೆರಿಕದ ಸೌತ್ ಕೆರೊಲಿನಾದಲ್ಲಿ ಸ್ಪಾರ್ಟನ್‌ಬರ್ಗ್ ಅಂತ ಒಂದು ಊರು. ಅಲ್ಲಿನ ಕಪ್ಪು ಜನರ ಬಡಾವಣೆಯ ಪಕ್ಕದಲ್ಲೇ ಮುಚ್ಚಿಹೋದ ಗೊಬ್ಬರದ ಕಾರ್ಖಾನೆ, ಹಳೇ ಕಸದ ಗುಂಡಿ. ನಿವಾಸಿಗಳು ಕಟ್ಟಿಕೊಂಡ ರೀಜೆನೆಸಿಸ್ ಸಂಘಕ್ಕೆ ಕೇಂದ್ರದ ಪರಿಸರ ಸಂಸ್ಥೆ ಇಪಿಎಯಿಂದ ಬಂದದ್ದು 20,000 ಡಾಲರಿನ ಸಣ್ಣ ಅನುದಾನ. ಅಷ್ಟರಲ್ಲಿ ವಿಷದ ಮಣ್ಣು ತೆಗೆಸೋಕಂತೂ ಆಗಲ್ಲ. ಆದರೆ ಸಭೆ ಕರೆಯಬಹುದು, ಅಧಿಕಾರಿಗಳನ್ನೂ ಕಂಪನಿಯವರನ್ನೂ ಒಂದೇ ಮೇಜಿನ ಮುಂದೆ ಕೂರಿಸಬಹುದು. ಹಾಗೆ ಕೂರಿಸಿ ಕೂರಿಸಿಯೇ ಕೊನೆಗೆ 27 ಕೋಟಿ ಡಾಲರಿಗೂ ಹೆಚ್ಚು ಹಣ ಆ ಕಡೆ ಹರಿಯಿತು. ಆರೋಗ್ಯ ಕೇಂದ್ರ ಬಂತು, ಹೊಸ ಮನೆಗಳೂ ಬಂದವು.

ಎಲ್ಲ ಕಡೆಯೂ ಹೀಗಾಗುತ್ತೆ ಅಂತಲ್ಲ, ಇದು ಅಪರೂಪದ ಕಥೆಯೇ.

ನನಗೆ ಹಿಡಿಸಿದ್ದು ಮೊತ್ತವಲ್ಲ, ಕ್ರಮ. ದೊಡ್ಡ ಯೋಜನೆಗಳಲ್ಲಿ ಜನರನ್ನು ಕರೆಯುವುದು ಎಲ್ಲ ತೀರ್ಮಾನವಾದ ಮೇಲೆ, ಚಹಾ ಬಿಸ್ಕತ್ತಿಗೆ. ಇಲ್ಲಿ ಹೊಗೆ ಕುಡಿದವರೇ ಮೊದಲು ಬಾಯಿ ಬಿಟ್ಟರು.

ಒಂದು ತಕರಾರು ಮಾತ್ರ ಇದೆ. ಇಂಥ ಅನುದಾನಗಳ ಅರ್ಜಿ ನಮೂನೆ, ಲೆಕ್ಕಪತ್ರ, ವರದಿ ಅಂತ ಇರುವ ರಗಳೆ ದುಡ್ಡಿಗಿಂತ ದೊಡ್ಡದು. ಅರ್ಜಿ ಬರೆಯೋಕೆ ಸಂಬಳದ ಸಿಬ್ಬಂದಿ ಇರುವ ಸಂಸ್ಥೆಗೆ ಸಲೀಸು. ದುಡಿದು ದಣಿದು ಸಂಜೆ ಸಭೆ ಸೇರುವವರಿಗೆ ಎಲ್ಲಿಂದ ಬರಬೇಕು ಸಮಯ?

ಇಪಿಎಯ ಈ ಸಣ್ಣ ಅನುದಾನ ಶುರುವಾದದ್ದು 1994ರಲ್ಲಿ. ಅದೇ ವರ್ಷ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ, ಅಂದರೆ ಮಾಲಿನ್ಯದ ಹೊರೆ ಬಡವರ, ಅಲ್ಪಸಂಖ್ಯಾತರ ಮೇಲೇ ಹೆಚ್ಚು ಬೀಳದಂತೆ ನೋಡಿಕೊಳ್ಳುವ ಆದೇಶಕ್ಕೆ ಸಹಿ ಹಾಕಿದ್ದರು. 2025ರ ಜನವರಿಯಲ್ಲಿ ಟ್ರಂಪ್ ಆ ಆದೇಶವನ್ನು ರದ್ದು ಮಾಡಿದರು. ಮಂಜೂರಾಗಿದ್ದ ಎಷ್ಟೋ ಅನುದಾನಗಳೂ ಆ ವರ್ಷ ಅರ್ಧಕ್ಕೇ ನಿಂತವು.