ಡೂಸಿ ದೋಣಿ ರೇಸಿಗೆ ಸೆಕೆಂಡ್ ಆಗಿ ಹೋಗುವವರಿಗೆ

ಬಾಡಿಗೆ ಕಾರಿನ ಟಯರು ಇನ್ಶೂರೆನ್ಸಿನಲ್ಲಿ ಬರುವುದಿಲ್ಲ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಯಾರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಇಬ್ಬರು ಗೆಳೆಯರು ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾರೆ. ಒಬ್ಬ ಕೂಳೂರಿನವ, ಒಬ್ಬ ಮುಲ್ಕಿಯವ. ಫಲ್ಗುಣಿ, ಶಾಂಭವಿ ಹೊಳೆಗಳಲ್ಲಿ ಚಿಕ್ಕಂದಿನಿಂದ ಬಿದ್ದು ಎದ್ದವರು, ಆದರೆ ರೇಸಿನವರಲ್ಲ. ಅಲ್ಲಿ ಒಂದು ಕ್ಲಬ್ಬಿಗೆ ಸೇರಿ, ಅರ್ಹತೆಗೆ ಬೇಕಾದ ಸಣ್ಣ ರೇಸುಗಳನ್ನೆಲ್ಲ ಮುಗಿಸಿ, ಡೂಸಿಗೆ ಹೆಸರು ಕೊಟ್ಟರು. "ನಮಗೆ ಸೆಕೆಂಡ್ ಬೇಕು, ನೀನು ಬಾ ಮಾರಾಯ" ಎಂದರು. ಸೆಕೆಂಡ್ ಅಂದರೆ ಅಲ್ಲಿ ನಮ್ಮಂಥ ಹಿಂಬಾಲಕರಿಗೆ ಇರುವ ಹೆಸರು. ದಡದಲ್ಲಿ ನಿಂತು ನೀರು ಕೊಡುವವರು, ರಾತ್ರಿ ಅನ್ನ ಹಾಕುವವರು. ಚಪ್ಪಾಳೆ ತಟ್ಟುವ ಕೆಲಸ ಅಂದುಕೊಂಡು ಹೋದೆ. ಡ್ರೈವರ್ ಮತ್ತು ಭಟ್ರ ಕೆಲಸ ಅದು.

ರೇಸು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್‌ನಿಂದ ಡರ್ಬನ್‌ವರೆಗೆ. ಫೆಬ್ರವರಿಯಲ್ಲಿ, ಮೂರು ದಿನ, ಸುಮಾರು 120 ಕಿಲೋಮೀಟರ್. ಉಂಸುಂಡೂಝಿ ಹೊಳೆಯಲ್ಲಿ ಇಳಿದು, ಮುಂದೆ ಉಂಗೇನಿಗೆ ಸೇರಿ, ಸಮುದ್ರದ ಬಾಯಲ್ಲಿ ಮುಗಿಸುವುದು. 1951ರಲ್ಲಿ ಮೊದಲ ಸಲ ಹೊರಟವರು ಎಂಟು ಜನ. ಮುಟ್ಟಿದವರು ಒಬ್ಬರೇ, ಇಯಾನ್ ಪ್ಲೇಯರ್. ಆರು ದಿನ ಹಿಡಿಯಿತು, ದಾರಿಯಲ್ಲಿ ಹಾವೂ ಕಚ್ಚಿತು. ಬಿಳಿ ಘೇಂಡಾಮೃಗಗಳನ್ನು ಉಳಿಸಿದವರು ಅಂತ ಹೆಸರಾದವರೂ ಇವರೇ. ಈಗ ಗೆಲ್ಲುವವರು ಮೂರೂ ದಿನ ಸೇರಿಸಿ ಎಂಟು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ. ನಮ್ಮವರು ಎಷ್ಟು ಹೊತ್ತು ತೆಗೆದುಕೊಂಡರು ಅಂತ ಬರೆಯಬಾರದು ಎಂದು ಇಬ್ಬರೂ ಆಣೆ ಹಾಕಿಸಿದ್ದಾರೆ.

ಈಗ ಕಾರಿನ ವಿಷಯ. ಡರ್ಬನ್ ಏರ್‌ಪೋರ್ಟಿನಲ್ಲಿ ಚಿಕ್ಕ ಕಾರು ಬುಕ್ ಮಾಡಿದ್ದೆ. ಅಲ್ಲೂ ಎಡಗಡೆಯೇ ಓಡಿಸುವುದು, ನಮ್ಮ ಲೈಸೆನ್ಸೂ ಇಂಗ್ಲಿಷಿನಲ್ಲಿ ಇರುವುದರಿಂದ ತಕರಾರಿಲ್ಲ. ಆದರೆ ಡೆಬಿಟ್ ಕಾರ್ಡ್ ಮುಟ್ಟಲಿಲ್ಲ. ಓಡಿಸುವವನ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಬೇಕು, ಅದರಲ್ಲಿ ಡೆಪಾಸಿಟ್ ಹಿಡಿದಿಡುತ್ತಾರೆ. ಅದೂ ಸರಿ. "ಫುಲ್ ಕವರ್ ಉಂಟಲ್ವಾ?" ಎಂದು ಎರಡು ಸಲ ಕೇಳಿದೆ. ಕೌಂಟರಿನ ಹುಡುಗ ಎರಡು ಸಲವೂ ನಕ್ಕು ತಲೆಯಾಡಿಸಿದ. ಟಯರು, ಗಾಜು, ಗಾಡಿಯ ಅಡಿಭಾಗ, ಈ ಮೂರೂ ಅದರಲ್ಲಿ ಇಲ್ಲ ಎನ್ನುವುದು ಕಾಗದದ ಹಿಂದಿನ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಜಲ್ಲಿ ರಸ್ತೆಗೆ ಇಳಿಸಬಾರದು ಎಂಬುದೂ ಅಲ್ಲೇ ಇತ್ತು.

ಸೆಕೆಂಡಿಗೆ ಜಲ್ಲಿ ರಸ್ತೆ ಬಿಟ್ಟು ಬೇರೆ ಗತಿಯಿಲ್ಲ. ಹೊಳೆ ಕಣಿವೆಯಲ್ಲಿ ಹರಿಯುತ್ತದೆ, ಡಾಂಬರು ಗುಡ್ಡದ ಮೇಲೆಯೇ ನಿಲ್ಲುತ್ತದೆ. ಮೊದಲ ದಿನ, ಗೆಳೆಯರಿಗೆ ನೀರು ಕೊಡಲು ಕಾಯಬೇಕಾದ ಎರಡನೇ ಜಾಗಕ್ಕೆ ಇಳಿಯುವಾಗ ಒಂದು ಚೂಪು ಕಲ್ಲು ಟಯರಿನ ಪಕ್ಕವನ್ನು ಸೀಳಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಅಂತ ಸೈಕಲ್ ಚಕ್ರಕ್ಕಿಂತ ಸ್ವಲ್ಪ ದಪ್ಪದ್ದು ಒಂದು. ಜಾಕ್ ಇಡುವ ಜಾಗ ನನಗೆ ಸಿಗಲಿಲ್ಲ. ಹತ್ತಿರದ ಮನೆಯ ಮೂರು ಹುಡುಗರು ಬಂದು ಹತ್ತೇ ನಿಮಿಷದಲ್ಲಿ ಬದಲಿಸಿಕೊಟ್ಟರು. ನನಗೆ ಝುಲು ಬರುವುದಿಲ್ಲ, ಅವರಿಗೆ ನನ್ನ ಅವಸ್ಥೆ ನೋಡಿ ನಗು. ಆ ಸಣ್ಣ ಚಕ್ರದಲ್ಲಿ ನಲವತ್ತರ ಸ್ಪೀಡಿನಲ್ಲಿ ಊರಿಗೆ ವಾಪಸು ಹೋಗಿ ಹೊಸ ಟಯರು ಹಾಕಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಂಗಳೂರಿಗೆ ಬಂದ ಮೇಲೆ ಕಾರ್ಡಿನಿಂದ ಮತ್ತೆ ದುಡ್ಡು ಹೋಯಿತು. ಒಂದು ಸಲ ಕಾರಿನ ಅಡಿಯಲ್ಲಿ ಗೀರು ಅಂತ. ಇನ್ನೊಂದು ಸಲ ಆ ಗೀರಿನ ಫೈಲ್ ತೆರೆದ ಖರ್ಚು ಅಂತ!

ಹಾಗಾಗಿ ಟಯರು ಮತ್ತು ಗಾಜಿನ ಕವರನ್ನು ಕೌಂಟರಿನಲ್ಲೇ ಬೇರೆ ದುಡ್ಡು ಕೊಟ್ಟು ತೆಗೆದುಕೊಳ್ಳಿ. ಗಾಡಿ ತೆಗೆಯುವ ಮುಂಚೆ ಮೊಣಕಾಲೂರಿ ಅಡಿಭಾಗದ ವಿಡಿಯೋ ಮಾಡಿ, ನಾಚಿಕೆ ಬೇಡ. ಸಾಧ್ಯವಾದರೆ ಬಕ್ಕಿಯನ್ನೇ ತೆಗೆದುಕೊಳ್ಳಿ. ಪಿಕಪ್ ಗಾಡಿಗೆ ಅಲ್ಲಿ ಬಕ್ಕಿ ಅನ್ನುತ್ತಾರೆ. ಎತ್ತರ ಇದೆ, ಕೆಸರಿಗೆ ಹೆದರುವುದಿಲ್ಲ, ಹಿಂದೆ ಗ್ಯಾಸ್ ಸ್ಟೌ, ಚಾಪೆ, ಒದ್ದೆ ಬಟ್ಟೆ ಎಲ್ಲ ಬಿಸಾಡಬಹುದು.

ಎಲ್ಲ ಕಡೆ ನಿಂತು ನೋಡುತ್ತೇನೆ ಎಂಬ ಆಸೆಯನ್ನೂ ಬಿಡಿ. ದಿನಕ್ಕೆ ಎರಡೇ ಜಾಗ ಸಾಕು. ಕಂಬಳದಲ್ಲಿ ರಾತ್ರಿಯಿಡೀ ಕೂತರೆ ಒಂದು ಜೊತೆ ಕೋಣ ಕಣ್ಣ ಮುಂದೆ ಇರುವುದು ಹನ್ನೆರಡು ಸೆಕೆಂಡು. ಇದೂ ಹಾಗೆಯೇ, ಗೋಳಿಬಜೆ ಇಲ್ಲ ಅಷ್ಟೆ. ಮೂರು ಗಂಟೆ ಬಿಸಿಲಲ್ಲಿ ಕಾದೆ. ಇಬ್ಬರೂ ಇಪ್ಪತ್ತು ಕಿಲೋ ತೂಕದ ದೋಣಿಯನ್ನು ಹೆಗಲ ಮೇಲೆ ಹೊತ್ತು ಓಡುತ್ತಾ ಬಂದರು. ಬಾಟಲಿ ಕಿತ್ತುಕೊಂಡರು, ಹೋದರು. "ಹ್ಯಾಗಿದ್ದಿ" ಅಂತ ಕೇಳಲೂ ಇಲ್ಲ. ಹೌದು, ಹೊತ್ತು ಓಡುವುದು. ಬಂಡೆ, ಜಲಪಾತ, ಹೊಳೆಯ ದೊಡ್ಡ ತಿರುವು ಬಂದಲ್ಲೆಲ್ಲ ಗುಡ್ಡ ಹತ್ತಿ ಇಳಿಯಬೇಕು. ಅದಕ್ಕೆ ಪೋರ್ಟೇಜ್ ಅನ್ನುತ್ತಾರೆ. ಮೊದಲ ದಿನವೇ ಅದು ಜಾಸ್ತಿ. ಬೆಸ ವರ್ಷಗಳಲ್ಲಿ ಇಬ್ಬರ ದೋಣಿ, ಸಮ ವರ್ಷಗಳಲ್ಲಿ ಒಬ್ಬರ ದೋಣಿ. ಗೆಳೆಯರು ಇಬ್ಬರಿದ್ದರೆ ಬೆಸ ವರ್ಷವೇ ನಿಮಗೂ ಒಳ್ಳೆಯದು. ಒಂದು ದೋಣಿಗಾದರೆ ಕಾಯಬಹುದು, ಎರಡಕ್ಕೆ ಕಾಯಲು ಆಗುವುದಿಲ್ಲ.

ಮೊದಲ ರಾತ್ರಿ ಡೂಸಿ ಬ್ರಿಜ್ ಹತ್ತಿರ ಕ್ಯಾಂಪ್. ನನಗೆ ಜನಜಂಗುಳಿ ಏನೂ ಅಲ್ಲ. ಪರ್ಯಾಯದ ರಾತ್ರಿ ಉಡುಪಿ ರಥಬೀದಿಯಲ್ಲಿ ನಿಂತು ನಿದ್ದೆ ಮಾಡಿದವ ನಾನು. ಆದರೆ ಒದ್ದೆ ಟೆಂಟು ನನ್ನಿಂದಾಗದು. ಅದಕ್ಕೆ ಪೀಟರ್‌ಮಾರಿಟ್ಜ್‌ಬರ್ಗ್‌ನಲ್ಲಿ ರೂಮ್ ಹಿಡಿದಿದ್ದೆ. ರೇಸಿನ ವಾರದ ರೇಟು ಎರಡು ಪಟ್ಟು, ಕರೆಂಟು ಹೋದರೆ ಬಿಸಿನೀರೂ ಇಲ್ಲ. ಅಂತೂ ಅದರಲ್ಲಿ ಒಂದೇ ರಾತ್ರಿ ಮಲಗಿದೆ. ನೀವು ಟೆಂಟಿನಲ್ಲಿ ಮಲಗುವವರಾದರೆ ಕ್ಯಾಂಪೇ ಒಳ್ಳೆಯದು.

ಆ ಸಂಜೆ ಎರಡು ಕೆಲಸ. ಒಂದು, ಗಂಜಿ. ಊರಿನಿಂದ ಎರಡು ಕಿಲೋ ಕುಚ್ಚಲಕ್ಕಿ ಒಯ್ದಿದ್ದೆ, ಪ್ಯಾಕೆಟ್ಟಿನದ್ದು, ಸೀಲ್ ಒಡೆಯದೆ. ಗೆಳೆಯರು ಎನರ್ಜಿ ಜೆಲ್ ಎಂಬ ಅಂಟು ಪದಾರ್ಥ ತಿಂದು ತಿಂದು ಮುಖ ಹುಳಿ ಮಾಡಿಕೊಂಡಿದ್ದರು. ಉಪ್ಪು ಹಾಕಿದ ಬಿಸಿ ಗಂಜಿ, ಒಂದು ಚೂರು ಮಿಡಿ ಉಪ್ಪಿನಕಾಯಿ. ಮುಲ್ಕಿಯವ ಮೂರು ಸಲ ಹಾಕಿಸಿಕೊಂಡ. ಪಕ್ಕದ ಟೆಂಟಿನವರು ಇಣುಕಿ "ಓಟ್ಸಾ?" ಎಂದು ಕೇಳಿದರು.

ಎರಡು, ದೋಣಿಯ ತೂತು. ಫೈಬರ್ ದೋಣಿ ಕಲ್ಲಿಗೆ ತಾಗಿ ಅಡಿಯಲ್ಲಿ ಬೆರಳುದ್ದ ಬಿರುಕು ಬಿಟ್ಟಿತ್ತು. ಬೆಳ್ಳಿ ಬಣ್ಣದ ಡಕ್ಟ್ ಟೇಪ್ ಹಚ್ಚಿದೆ, ಎದ್ದು ಬಂತು. ಮತ್ತೆ ಹಚ್ಚಿದೆ, ಮತ್ತೆ ಎದ್ದು ಬಂತು. ಪಕ್ಕದ ಅಜ್ಜ ಒಬ್ಬರು ಟೇಪ್ ಕಸಿದುಕೊಂಡು ತೋರಿಸಿಕೊಟ್ಟರು. ಮೊದಲು ಒಳಗಿನ ನೀರನ್ನೆಲ್ಲ ಹಿಂಡಿ ತೆಗೆಯಬೇಕು. ಹೊರಗೆ ಸ್ಪಿರಿಟ್ ಹಾಕಿ ಒರೆಸಬೇಕು. ಅದು ಪೂರಾ ಆರಿದ ಮೇಲೆ ಲೈಟರ್ ಬೆಂಕಿಯನ್ನು ದೂರದಿಂದ ಆಡಿಸಿ ಜಾಗ ಬೆಚ್ಚಗೆ ಮಾಡಬೇಕು. ಆಮೇಲೆ ಟೇಪ್ ಎಳೆದು, ಚಮಚದ ಬೆನ್ನಿನಿಂದ ಉಜ್ಜಬೇಕು. ಆ ಟೇಪ್ ಡರ್ಬನ್‌ವರೆಗೂ ಬಂತು. ಚಮಚ, ಸ್ಪಿರಿಟ್, ಹಳೆ ಬನಿಯನ್ ಮರೆಯಬೇಡಿ.

ಎರಡನೇ ದಿನ ಇನಾಂಡಾ ಡ್ಯಾಮಿನಲ್ಲಿ ಮುಗಿಯುತ್ತದೆ. ನಾನು ಕಾರಿನಲ್ಲಿ ನಿದ್ದೆ ಹೋಗಿದ್ದೆ.

ಹೊಳೆಯ ನೀರಿನ ಬಗ್ಗೆ ಎಚ್ಚರ. ಊರಿನ ಚರಂಡಿ ನೀರು ಅದಕ್ಕೆ ಸೇರುತ್ತದೆ. ಕುಡಿದವರ ಹೊಟ್ಟೆ ಕೆಡುವುದು ಎಷ್ಟು ಮಾಮೂಲು ಅಂದರೆ, ಆ ಕಾಯಿಲೆಗೇ 'ಡೂಸಿ ಗಟ್ಸ್' ಎಂಬ ಹೆಸರಿದೆ. ಸೆಕೆಂಡಿಗೂ ಅದು ಬರಬಹುದು, ಒದ್ದೆ ದೋಣಿ ಮುಟ್ಟಿದ ಕೈಯಲ್ಲೇ ಗಂಜಿ ಬಡಿಸಿದರೆ. ಸೋಪು ಹತ್ತಿರವೇ ಇರಲಿ. ಓಆರ್‌ಎಸ್ ಪೊಟ್ಟಣ ಊರಿನಿಂದಲೇ ಒಯ್ಯಿರಿ.

ಪೀಟರ್‌ಮಾರಿಟ್ಜ್‌ಬರ್ಗ್ ರೈಲ್ವೆ ಸ್ಟೇಷನ್ನಿಗೆ ಅರ್ಧ ಗಂಟೆ ಕೊಡಿ. 1893ರ ಜೂನ್ 7ರ ರಾತ್ರಿ ಗಾಂಧಿಯನ್ನು ರೈಲಿನಿಂದ ಇಳಿಸಿದ್ದು ಇಲ್ಲಿಯೇ. ಸಣ್ಣ, ಕೆಂಪು ಇಟ್ಟಿಗೆಯ ಸ್ಟೇಷನ್. ನಾನು ಹೋದಾಗ ಯಾರೂ ಇರಲಿಲ್ಲ.

ಇನ್ನು ಊಟ. ಡರ್ಬನ್ ನಮ್ಮ ಮಂಗಳೂರಿನ ಹಾಗೆಯೇ, ಫೆಬ್ರವರಿಯಲ್ಲಿ ಅಂಗಿ ಬೆನ್ನಿಗೆ ಅಂಟುವ ಸೆಕೆ. 1860ರಲ್ಲಿ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದ ನಮ್ಮ ದೇಶದವರ ಮೊಮ್ಮಕ್ಕಳು, ಮರಿಮಕ್ಕಳೇ ಅಲ್ಲಿ ಎಲ್ಲೆಲ್ಲೂ. ಅವರ ತಿಂಡಿ ಬನ್ನಿ ಚೌ. ಬ್ರೆಡ್ಡಿನ ಹೊಟ್ಟೆ ಕೊರೆದು ಒಳಗೆ ಗಸಿ ತುಂಬಿ ಕೊಡುತ್ತಾರೆ. ಕೊರೆದ ತಿರುಳನ್ನು ಮೇಲೆ ಮುಚ್ಚಳದ ಹಾಗೆ ಇಡುತ್ತಾರೆ. 'ಕ್ವಾರ್ಟರ್ ಬೀನ್ಸ್' ಅಂತ ಕೇಳಿದರೆ ಕಾಲು ಬ್ರೆಡ್ಡು, ಬೀನ್ಸ್ ಕಾಳಿನ ಗಸಿ. ಪೂರಾ ಸಸ್ಯಾಹಾರಿ. ನಾನು ಹೋದದ್ದು ಬೋರ್ಡಿನ ಬಣ್ಣ ಹೋದ, ನಾಲ್ಕೇ ಟೇಬಲ್ಲಿನ ಅಂಗಡಿ. ಕಾಳು ಬಾಯಲ್ಲಿ ಕರಗುವಷ್ಟು ಬೆಂದಿತ್ತು, ಆದರೆ ಒಡೆದಿರಲಿಲ್ಲ. ಕರಿಬೇವಿತ್ತು, ಖಾರ ನಮ್ಮ ಮಟ್ಟದ್ದು. ಬದಿಗೆ ತುರಿದ ಕ್ಯಾರೆಟ್, ನೀರುಳ್ಳಿ, ಹಸಿಮೆಣಸು. ಅದಕ್ಕೆ ಸಾಂಬಲ್ ಅನ್ನುತ್ತಾರೆ. ಗಸಿ ಹೀರಿದ ಬ್ರೆಡ್ಡಿನ ಗೋಡೆಯನ್ನು ಮೇಲಿನಿಂದ ಹರಿದು ಹರಿದು ತಿನ್ನಬೇಕು. ಚಮಚ ಕೇಳಿದ್ದಕ್ಕೆ ಕೌಂಟರಿನ ಆಂಟಿ, "ನೀನು ಇಂಡಿಯಾದವನಲ್ವಾ, ಕೈ ಇಲ್ವಾ?" ಎಂದು ಇಂಗ್ಲಿಷಿನಲ್ಲಿ ಬೈದರು. ಮೂರು ದಿನದಲ್ಲಿ ಯಾರಾದರೂ ನನ್ನನ್ನು ಮನೆಯವನ ಹಾಗೆ ಮಾತಾಡಿಸಿದ್ದು ಅದೇ ಮೊದಲು. ಎರಡನೆಯದನ್ನೂ ತಿಂದೆ. ರೂಮಿನ ಒಂದು ರಾತ್ರಿಯ ದುಡ್ಡಿಗೆ ಇಪ್ಪತ್ತು ಕ್ವಾರ್ಟರ್ ಬರುತ್ತಿತ್ತು.

ಇದರಿಂದಾಗಿ ಕೊನೆಯ ದಿನ ತಡವಾಯಿತು. ಬರ್ಮಾ ರೋಡ್ ಎಂಬ ಕಡಿದಾದ ಗುಡ್ಡ ಹತ್ತಿಳಿಯಲು ನಮ್ಮವರಿಗೆ ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ರೇಸು ಮುಗಿಯುವ ಬ್ಲೂ ಲಗೂನ್ ಹತ್ತಿರ ಪಾರ್ಕಿಂಗ್ ಸಿಗದೆ ಕಾರನ್ನು ಒಂದು ಕಿಲೋಮೀಟರ್ ದೂರ ಬಿಟ್ಟು ಓಡಿದೆ. ಇಬ್ಬರೂ ಆಗಲೇ ಮುಗಿಸಿ, ದೋಣಿಯನ್ನು ಹುಲ್ಲಿನ ಮೇಲೆ ಕವುಚಿ ಹಾಕಿ, ಅದರ ನೆರಳಿಗೆ ಕಾಲು ಚಾಚಿ ಕೂತಿದ್ದರು. ನನ್ನ ಕೈಯಲ್ಲಿ ಎರಡು ಪೊಟ್ಟಣ.

"ಎಲ್ಲಿ ಸತ್ತಿದ್ದೆ ಮಾರಾಯ?" ಎಂದ ಕೂಳೂರಿನವ.

ಪೊಟ್ಟಣ ಚಾಚಿದೆ. ಆರಿಹೋಗಿತ್ತು, ಬ್ರೆಡ್ಡಿನ ತಳ ಒದ್ದೆಯಾಗಿ ಕುಸಿದಿತ್ತು. ಇಬ್ಬರೂ ಕೈ ತೊಳೆಯಲು ಎದ್ದರು.