ವಿತೋರಿಯಾದ ಹಳೇ ಊರು: ಮೊದಲು ಕೆಥೆಡ್ರಲ್ ಟಿಕೆಟ್ ಮಾಡಿಸಿ

ಸ್ಪೇನಿನ ಬಿಲ್ಬಾವೊವರೆಗೂ ಹೋಗುವವರು ಇನ್ನೊಂದು ದಿನ ಉಳಿಸಿಕೊಂಡು ವಿತೋರಿಯಾ-ಗಸ್ತೇಯ್ಸ್ ನೋಡಿ ಬನ್ನಿ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಹಳೇ ಊರು ದಿಬ್ಬದ ಮೇಲಿದೆ. ಉದ್ದದ ಬೀದಿಗಳಿಗೆ ಇಂದಿಗೂ ಕಮ್ಮಾರರ, ಚೂರಿ ಮಾಡುವವರ ಹೆಸರೇ. ಅವನ್ನು ಕೂಡಿಸುವ ಓಣಿಗಳು ಮಾತ್ರ ಮಂಡಿ ಪರೀಕ್ಷೆ ಮಾಡುತ್ತವೆ. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೂ ಚಿಂತೆಯಿಲ್ಲ. ಗಾಜಿನ ಮಾಡಿನ ಕೆಳಗೆ ತಾನಾಗಿ ಚಲಿಸುವ ದಾರಿಯಿದೆ, ನಿಂತರೆ ಸಾಕು, ಮೇಲೆ ಬಿಡುತ್ತದೆ. ದುಡ್ಡು ಕೊಡಬೇಕಿಲ್ಲ.

ಸಾಂತಾ ಮರಿಯಾ ಕೆಥೆಡ್ರಲ್ಲಿನ ಗೈಡ್ ಸಮೇತದ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ಮಾಡಿಸಿ, ಉಳಿದ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಇಂಗ್ಲಿಷಿನಲ್ಲಿ ವಿವರಿಸುವ ಸರದಿಗಳು ಕಡಿಮೆ. ಊರಲ್ಲಿ ಇನ್ನೊಂದು ಹೊಸ ಕೆಥೆಡ್ರಲ್ ಇರುವುದರಿಂದ ದಾರಿ ಕೇಳುವಾಗ 'ಹಳೆಯದು' ಎನ್ನಿ. ಕಟ್ಟಡದ ಭಾರಕ್ಕೆ ಬಿರುಕು ಬಿಟ್ಟು 1994ರಲ್ಲಿ ಮುಚ್ಚಿದ್ದ ಇದನ್ನು, ದುರಸ್ತಿ ನಡೆಯುತ್ತಿರುವಾಗಲೇ 2000ದಲ್ಲಿ ಜನರಿಗೆ ತೆರೆದರು. ನಡುವೆ ನಿಂತು ಕತ್ತೆತ್ತಿದರೆ ಕಂಬಗಳು ಹೊರಕ್ಕೆ ವಾಲಿರುವುದು ಬರಿಗಣ್ಣಿಗೇ ಕಾಣುತ್ತದೆ. ನೆಟ್ಟಗೆ ಮಾಡಲು ಹೋಗದೆ, ವಾಲಿದ್ದನ್ನು ವಾಲಿದಂತೆಯೇ ಭದ್ರಪಡಿಸಿದ್ದಾರೆ. ನನಗೆ ಹಿಡಿಸಿದ್ದು ಅದೇ. ಕೆಳಗಿಳಿದರೆ ಉತ್ಖನನದ ಜಾಗ, 1181ರಲ್ಲಿ ನವಾರದ ರಾಜ ಸಾಂಚೊ ಪಟ್ಟಣ ಸ್ಥಾಪಿಸುವುದಕ್ಕೂ ಮುಂಚಿನ ಹಳ್ಳಿಯ ಕುರುಹುಗಳು. ಮೆಟ್ಟಿಲು ಬಹಳ, ಹಿಡಿತವಿರುವ ಶೂ ಇರಲಿ.

ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಆ ಹೊತ್ತಿಗೆ ವಿರ್ಹೆನ್ ಬ್ಲಾಂಕಾ ಚೌಕದಲ್ಲಿ ಕೂತುಬಿಡಿ. ನಡುವಿನ ಸ್ಮಾರಕ 1813ರ ಯುದ್ಧದ್ದು. ನೆಪೋಲಿಯನ್ನನ ಅಣ್ಣ ಜೋಸೆಫ್‌ನ ಸೈನ್ಯವನ್ನು ಇಲ್ಲಿ ಸೋಲಿಸಿದ ವೆಲ್ಲಿಂಗ್ಟನ್ ಬೇರೆ ಯಾರೂ ಅಲ್ಲ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರವಾಗಿರಿ. ಬಾರ್ ಕಟ್ಟೆಯ ಮೇಲೆ ಜೋಡಿಸಿಟ್ಟ ಪಿಂಚೋ ಎಂಬ ಸಣ್ಣ ತಿಂಡಿಗಳಲ್ಲಿ ಹಂದಿ ಮಾಂಸವೋ ಮೀನೋ ಎಲ್ಲೋ ಒಂದು ಕಡೆ ಸೇರಿರುತ್ತದೆ. ಆಲೂಗಡ್ಡೆಯ ತೊರ್ತಿಯಾದಲ್ಲಿ ಮೊಟ್ಟೆಯಿದೆ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ' (ಮಾಂಸ ಬೇಡ, ಮೀನು ಬೇಡ) ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಎಣ್ಣೆಯಲ್ಲಿ ಹುರಿದು ಉಪ್ಪುದುರಿಸಿದ ಗೆರ್ನಿಕಾ ಮೆಣಸಿನಕಾಯಿ ಸಿಕ್ಕರೆ ಬಿಡಬೇಡಿ, ಖಾರ ಮಾತ್ರ ನಿರೀಕ್ಷಿಸಬೇಡಿ. ಬೇಸಿಗೆಯಲ್ಲೂ ಸಂಜೆ ಚಳಿಯಾಗುವ ಊರು, ಸ್ವೆಟರ್ ಬ್ಯಾಗಿನಲ್ಲೇ ಇರಲಿ.