ಸೊಟ್ಟೊ ವೋಚೆ ಅಂದ್ರೆ ಪಿಸುಮಾತಲ್ಲ ಸ್ವಾಮಿ

ಡಬ್ಬಿಂಗ್ ಸ್ಟುಡಿಯೋ ಕೆಲಸ ನಂದು. ಹೋದ ವರ್ಷ ಒಂದು ಸೀರೀಸ್ ಬಂದಿತ್ತು, ರಾತ್ರಿ ಅಡುಗೆಮನೆ ಸೀನು, ಪಕ್ಕದ ರೂಮಲ್ಲಿ ಮಾವ ಮಲಗಿದ್ದಾರೆ, ಸೊಸೆ ಗಂಡನ ಮೇಲೆ ಹರಿಹಾಯ್ತಾಳೆ. ಒರಿಜಿನಲ್ ಸ್ಕ್ರಿಪ್ಟಲ್ಲಿ 'ಸೊಟ್ಟೊ ವೋಚೆ' ಅಂತಿತ್ತು, ನಮ್ಮ ಕ್ಯೂ ಶೀಟಿಗೆ (ಯಾವ ಡೈಲಾಗ್ ಹೇಗೆ ಹೇಳ್ಬೇಕು ಅಂತ ಬರೆದಿರೋ ಹಾಳೆ) ಬರೋ ಹೊತ್ತಿಗೆ ಅದು 'ಪಿಸುಗುಟ್ಟುತ್ತಾ' ಆಗಿತ್ತು.

ಸೊಸೆಗೆ ದನಿ ಕೊಡ್ತಿದ್ದ ಮೇಡಂ ಪಾಪ ಹಾಗೇ ಮಾಡಿದ್ರು. ದನಿ ಲೆವೆಲ್ ಬರ್ಲಿಲ್ಲ, ಮೈಕ್ ಗೇನ್ ಏರಿಸ್ದೆ, ಎಸಿ ಗುಂಯ್ ಅನ್ನೋದು ಕೇಳೋಕೆ ಶುರುವಾಯ್ತು. ಎಸಿ ಆಫ್ ಮಾಡಿಸ್ದೆ, ಬೂತಲ್ಲಿ ಬೆವರು, 'ಪ' ಬಂದಾಗೆಲ್ಲ ಉಸಿರು ಮೈಕಿಗೆ ಬಡೀತಿದೆ, ನಾನು ಮಾತ್ರ ಟಾಕ್‌ಬ್ಯಾಕಲ್ಲಿ "ಇನ್ನೂ ಮೆತ್ತಗೆ ಮೇಡಂ" ಅಂತಾನೇ ಇದೀನಿ. ಸ್ಕ್ರೀನ್ ಮೇಲೆ ಆ ನಟಿ ಕತ್ತಿನ ನರ ಉಬ್ಬಿರೋದು ಕಣ್ಣಿಗೆ ಕಾಣ್ತಿತ್ತು. ಕೊನೆಗೆ ಮೇಡಮ್ಮೇ ಹೇಳಿದ್ರು, "ಸಿಟ್ಟು ಬರ್ತಿಲ್ಲ ಕಣಪ್ಪಾ, ಬರೀ ಗಾಳಿ ಬರ್ತಿದೆ." ಶಿಫ್ಟ್ ಮುಗೀತಾ ಬಂದಿತ್ತು, ಮಿಕ್ಸಲ್ಲಿ ಎತ್ಕೊಳ್ಳೋಣ ಬಿಡಿ ಅಂದೆ.

ಕ್ವಾಲಿಟಿ ಚೆಕ್ ಮಾಡೋ ಕ್ಯೂಸಿಯವರಿಂದ ಇಡೀ ಸೀನ್ ವಾಪಸ್. ಎಮೋಷನ್ನೇ ಇಲ್ವಂತೆ.

ಬಿಡಿಸಿ ಹೇಳಿದ್ದು ನಮ್ಮ ಮಿಕ್ಸ್ ಎಂಜಿನಿಯರ್. ಅದು ಇಟಾಲಿಯನ್ ಪದ, ಸೊಟ್ಟೊ ಅಂದ್ರೆ ಕೆಳಗೆ, ವೋಚೆ ಅಂದ್ರೆ ದನಿ, ಎರಡೂ ಲ್ಯಾಟಿನ್‌ನಿಂದ ಇಳಿದು ಬಂದಿರೋದು. ಸಂಗೀತದವರು ಸ್ವರಗಳ ಮೇಲೆ ಸೂಚನೆ ಬರೀತಿದ್ರಲ್ಲ, ಅದರದ್ದು. ವೆರ್ದಿ ಅವರ 'ನಬುಕ್ಕೊ' ಆಪೆರಾದಲ್ಲಿ (1842, ಮಿಲಾನ್) ಸೆರೆಯಾಳುಗಳು ಊರು ನೆನೆಸ್ಕೊಂಡು ಹಾಡೋ ಕೋರಸ್ ಇದೆ, 'ವಾ ಪೆನ್ಸಿಯೆರೊ', ಅದು ಶುರುವಾಗೋದೇ ಸೊಟ್ಟೊ ವೋಚೆಯಲ್ಲಿ. ಅಷ್ಟೂ ಜನ ಪಿಸುಗುಟ್ಟಿದ್ರೆ ಶ್ರುತಿ ಎಲ್ಲಿಂದ ಬರ್ಬೇಕು? ಗಂಟಲ ಮೇಲೆ ಬೆರಳಿಟ್ಟು 'ಅಮ್ಮಾ' ಅಂತ ಮೆಲ್ಲಗೆ ಅಂದ್ನೋಡಿ, ಅದುರುತ್ತೆ. ಪಿಸುಗುಟ್ಟಿದ್ರೆ ಅದುರಲ್ಲ, ಧ್ವನಿತಂತು ಸುಮ್ನಿರುತ್ತೆ, ಉಸಿರಷ್ಟೇ ಓಡಾಡೋದು. ನಮ್ಮ 'ಪಿಸು' ಹುಟ್ಟಿರೋದೂ ಆ ಸದ್ದಿಂದಾನೇ ಅಲ್ವಾ. ಆ ಸೀನಿಗೆ ಬೇಕಿದ್ದಿದ್ದು ಮೆಲುದನಿ, ಹಲ್ಲು ಕಚ್ಕೊಂಡು.

ರೀಡಬ್ಬಲ್ಲಿ ಮೇಡಂ ಎರಡನೇ ಟೇಕಿಗೇ ಓಕೆ ಮಾಡಿದ್ರು, ಎಸಿ ಆನ್ ಇಟ್ಕೊಂಡೇ. ಅವರ ಎರಡನೇ ಕಾಲ್‌ಶೀಟ್ ದುಡ್ಡಿಗೆ ಅಕೌಂಟ್ಸ್‌ನವರು ತಿಂಗಳುಗಟ್ಟಲೆ ಆಟ ಆಡ್ಸಿದ್ದು ಬೇರೆ ಕಥೆ. ಕ್ಯೂ ಶೀಟಲ್ಲಿ ಮೆಲುದನಿ, ಪಿಸು ಅಂತ ಎರಡು ಕಾಲಂ ಮಾಡ್ಕೊಡಿ ಅಂದ್ರೆ ಮ್ಯಾನೇಜರ್ "ಟೆಂಪ್ಲೇಟ್ ಕ್ಲೈಂಟ್‌ದು, ಮುಟ್ಟಂಗಿಲ್ಲ" ಅಂದ್ರು. ಈಗ ರಿಮಾರ್ಕ್ಸಲ್ಲಿ ನಾನೇ ಟೈಪ್ ಮಾಡ್ತೀನಿ.